ಸಾವಿನ ಮನೆಯ ಚಪ್ಪರ

ಮೊತ್ಲೊಪಿಂಗ್ ಊರಿನಲ್ಲಿ ಆ ವಾರ ಸತ್ತವನಿಗಾಗಿ ಸುರಿದ ಕಣ್ಣೀರಿಗಿಂತ ಶಾಮಿಯಾನಕ್ಕಾಗಿ ಸುರಿದದ್ದೇ ಹೆಚ್ಚು. ಅದು ಹೆಂಗಸರ ಶವಸಂಸ್ಕಾರ ಸಂಘದ ಶಾಮಿಯಾನ. ಯಾರ ಮನೆಯಲ್ಲಿ ಉಸಿರು ನಿಂತರೂ ಮೊದಲು ಅಂಗಳಕ್ಕೆ ಬರುವುದು ಅದು, ನೆಂಟರು ಆಮೇಲೆ. ವಾರವಿಡೀ ಸಂಜೆಯ ಪ್ರಾರ್ಥನೆ ಅದರ ಅಡಿಯಲ್ಲಿ, ಶನಿವಾರ ಮಣ್ಣು ಮಾಡಿ ಬಂದವರ ಊಟವೂ ಅದರ ಅಡಿಯಲ್ಲೇ. ಒಂದು ಹೊಲಿಗೆ ಬಿಟ್ಟರೂ ಸಂಘದ ಅಧ್ಯಕ್ಷೆ ಮ್ಮಾ ಒಂತಿಗೆ ಅನ್ನ ಸೇರುತ್ತಿರಲಿಲ್ಲ. ಹೆಂಗಸರನ್ನು ಅಲ್ಲಿ ಗೌರವಕ್ಕೆ ಮ್ಮಾ ಅನ್ನುವುದು. ಮೊಮ್ಮಕ್ಕಳನ್ನೂ ಆಕೆ ಅಷ್ಟು ಮುದ್ದಾಗಿ ನೋಡಿಕೊಂಡವಳಲ್ಲ.

ಅಂಥದ್ದನ್ನು ಮೂವರು ಹುಡುಗರು ಆ ತುದಿಯಿಂದ ಈ ತುದಿಗೆ ಸೀಳಿ ಹಾಕಿದ್ದರು. ಸಾವಿನ ಊಟ ಮುಗಿದ ಮೇಲೆ ಶಾಮಿಯಾನ, ಕುರ್ಚಿಗಳನ್ನೆಲ್ಲ ಕತ್ತೆಗಾಡಿಗೆ ಹೇರಿ ಸಂಘದ ಕೋಣೆಗೆ ಮುಟ್ಟಿಸುತ್ತೇವೆ ಅಂತ ತಾವಾಗಿಯೇ ಮುಂದೆ ಬಂದಿದ್ದರು. ಈ ಕಾಲದ ಹುಡುಗರಲ್ಲೂ ಒಳ್ಳೆ ಬುದ್ಧಿ ಇದೆಯಲ್ಲ ಅಂತ ಹೆಂಗಸರು ಹಿಗ್ಗಿದ್ದೂ ಆಯಿತು. ಗಾಡಿ ಮಾತ್ರ ಸಂಘದ ಕೋಣೆಗೆ ಹೋಗದೆ ಬೀರು ಮಾರುವ ಮ್ಮಾ ತಾಪೆಲೊಳ ಮನೆಯ ಹಿತ್ತಿಲಲ್ಲಿ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಮೂವರೂ ಕುಡಿದ ಅಮಲಿನಲ್ಲಿ ಆಸ್ಪತ್ರೆಯ ತಗಡಿನ ಮೇಲೆ ಕಲ್ಲು ತೂರುತ್ತ, ದಾರಿಯಲ್ಲಿ ಸಿಕ್ಕ ಮುದುಕಿಯರನ್ನು ಅಣಕಿಸುತ್ತ, ಒಣಗಿದ ಹೊಳೆಯ ದಡದಲ್ಲಿ ಕತ್ತೆಗಳನ್ನು ಓಡಿಸಿದರು. ಗಾಡಿ ಮಗುಚಿತು. ಕುರ್ಚಿಗಳ ಕಾಲು ಮುರಿದವು, ಒಂದು ಕತ್ತೆಯ ಕಾಲೂ ಉಳುಕಿತು, ಶಾಮಿಯಾನ ಜಾಲಿಯ ಮುಳ್ಳಿಗೆ ಸಿಕ್ಕಿ ಪರ್ರನೆ ಹರಿಯಿತು. ಪುಣ್ಯವಂತರು ಅದೇ ಬಟ್ಟೆಯನ್ನು ಹೊದ್ದು ಅಲ್ಲೇ ಗೊರಕೆ ಹೊಡೆಯುತ್ತಿದ್ದಾಗ ಮೇಕೆ ಹುಡುಕಲು ಹೋದವರ ಕಣ್ಣಿಗೆ ಬಿದ್ದರು.

ಮೂವರಲ್ಲಿ ಮೊಲೊಕಿಯ ಹೆಸರು ಕೇಳಿದಾಗ ಗಾವೊನೆ ಇನ್ನೊಮ್ಮೆ ಹೇಳಿ ಅಂದಳು. ಆಕೆ ಊರಿನ ಶಾಲೆಯಲ್ಲಿ ಮಾರ್ಗದರ್ಶನದ ಟೀಚರು. ಕುಡಿತ, ಹೊಡೆದಾಟ, ಪುಂಡಾಟ, ಅವುಗಳ ಪರಿಣಾಮ, ಇದೆಲ್ಲ ಅವಳ ಪಾಠ. ಹದಿನೈದರ ಮೊಲೊಕಿ ಅವಳ ಅಚ್ಚುಮೆಚ್ಚಿನವನು. ಗೋಡೆಯ ಮೇಲಿನ ಕೆಂಪು ಯಕೃತ್ತಿನ ಚಿತ್ರಕ್ಕೆ ಹೆಸರು ಬರೆದವನೂ ಅವನೇ, ಆ ವಿಷಯದ ರಸಪ್ರಶ್ನೆಯಲ್ಲಿ ಬಹುಮಾನ ಹೊಡೆದವನೂ ಅವನೇ.

ಸೋಮವಾರ ಅವನ ಸೋದರಮಾವ ಮೊತಿಬಿ ಶಾಲೆಗೆ ಬಂದ. ಹುಡುಗನ ತಾಯಿ ದೂರದ ಪಟ್ಟಣದಲ್ಲಿ ಮನೆಗೆಲಸಕ್ಕಿದ್ದಳು. ಅವಳು ಊರಲ್ಲೇ ಇದ್ದಿದ್ದರೂ ಮಾತು ಸೋದರಮಾವನದೇ. ಮದುವೆಯಾಗಲಿ, ತಪ್ಪಾಗಲಿ, ಮಗುವಿನ ಪರವಾಗಿ ಎದ್ದು ನಿಲ್ಲಬೇಕಾದವನು ಅವನು. ಮೊತಿಬಿ ಕೂರಲೂ ಇಲ್ಲ. ಬುಧವಾರ ಊರ ಕಟ್ಟೆಯಲ್ಲಿ ಬೆತ್ತದೇಟು ಬೀಳುತ್ತದೆ, ಗುರುವಾರ ಹುಡುಗನನ್ನು ದನ ಕಾಯಲು ಕಾಡಿನಾಚೆಯ ದೊಡ್ಡಿಗೆ ಕರೆದೊಯ್ಯುತ್ತೇನೆ, ಹೆಸರು ಹೊಡೆದುಹಾಕಿ ಅಂದ. ಅಂತಿಮ ಪರೀಕ್ಷೆ ಇನ್ನೇನು ಬಂದೇಬಿಟ್ಟಿತು, ಅದೊಂದು ಬರೆಯಲಿ ಅಂತ ಗಾವೊನೆ ಗೋಗರೆದಳು.

“ದನಗಳು ಸರ್ಟಿಫಿಕೇಟ್ ಕೇಳಲ್ಲ ಮ್ಮಾ,” ಅಂದ ಮೊತಿಬಿ. “ಅಲ್ಲಿ ಬೀರೂ ಇಲ್ಲ.”

ಒಮ್ಮೆ ದೊಡ್ಡಿಗೆ ಹೋದ ಹುಡುಗ ತಿರುಗಿ ತರಗತಿಗೆ ಬಂದದ್ದನ್ನು ಗಾವೊನೆ ಈ ಊರಲ್ಲಿ ಕಂಡಿರಲಿಲ್ಲ.

ಬುಧವಾರ ಕಟ್ಟೆಯಲ್ಲಿ ಜನವೋ ಜನ. ಗಂಡಸರು ಮನೆಯಿಂದ ತಂದ ಗಿಡ್ಡ ಕುರ್ಚಿಗಳ ಮೇಲೆ, ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ನಡುವೆ ಮೂವರೂ ತಲೆ ತಗ್ಗಿಸಿ ನಿಂತಿದ್ದರು. ಮ್ಮಾ ಒಂತಿ ಎದ್ದು ಶಾಮಿಯಾನದ ಹರಿದ ಅಂಚನ್ನು ಎಲ್ಲರ ಮುಂದೆ ಹಿಡಿದಳು, ಹೆಣದ ಮುಂದೆ ಅಳುವಷ್ಟೇ ಚೆನ್ನಾಗಿ ಅತ್ತಳು. ಬೆತ್ತ ನ್ಯಾಯ ಹೇಳುವ ಊರ ಯಜಮಾನರ ಕುರ್ಚಿಗೆ ಒರಗಿಕೊಂಡಿತ್ತು. ಯಜಮಾನರು ಅವಸರದವರಲ್ಲ. ಅವರು ಗಾವೊನೆಯ ಕಡೆ ತಿರುಗಿ, ನಮ್ಮ ಮಕ್ಕಳಿಗೆ ನೀವು ಈ ವಿಷಯವನ್ನೇ ಕಲಿಸುತ್ತೀರಂತೆ, ಏನು ಕಲಿಸಿದಿರಿ ಅಂತ ಕೇಳಿದರು.

ಕಲಿಸಿದ್ದರ ಮೇಲೆ ಗಾವೊನೆಗೆ ನಂಬಿಕೆಯಿತ್ತು. ಅವನನ್ನೇ ಕೇಳಿ ಅಂದಳು. ಅದೇ ಅವಳು ಮಾಡಿದ ತಪ್ಪು. ಮೊಲೊಕಿ ಎರಡೂ ಕೈ ಹಿಂದೆ ಕಟ್ಟಿ, ತರಗತಿಯಲ್ಲಿ ನಿಂತಂತೆ ನಿಂತು, ಒಂದೇ ಉಸಿರಿನಲ್ಲಿ ಒಪ್ಪಿಸಿದ. ಎಳೆಯ ವಯಸ್ಸಿನ ಕುಡಿತದಿಂದ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ, ಯಕೃತ್ತು ಕೆಡುತ್ತದೆ, ವಿವೇಚನೆ ಕುಂದುತ್ತದೆ, ಸಾರ್ವಜನಿಕ ಆಸ್ತಿಗೆ ಹಾನಿಯಾಗುತ್ತದೆ, ಕಾನೂನಿನ ಕ್ರಮಕ್ಕೆ ಗುರಿಯಾಗಬೇಕಾಗುತ್ತದೆ. ಒಂದು ಅಕ್ಷರ ತಪ್ಪಲಿಲ್ಲ. ಮೊದಲು ಹಿಂದಿನ ಸಾಲಿನವನೊಬ್ಬ ಕಿಸಕ್ಕೆಂದ, ಆಮೇಲೆ ಇಡೀ ಕಟ್ಟೆ ಹೊಟ್ಟೆ ಹಿಡಿದು ನಕ್ಕಿತು.

“ಪಾಠ ಅರೆದು ಕುಡಿದಿದಾನೆ,” ಅಂದ ಒಬ್ಬ ಮುದುಕ. “ಅದರ ಮೇಲೆ ಬೀರೂ ಕುಡಿದಿದಾನೆ.”

ಗಾವೊನೆಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಗು ಇಳಿಯುವವರೆಗೂ ಅವಳು ಹುಡುಗನ ಮುಖವನ್ನೇ ನೋಡುತ್ತಿದ್ದಳು. ಅವನು ನಕ್ಕಿರಲಿಲ್ಲ. ಇಷ್ಟು ದಿನ ತಾನು ಇವನಿಗೆ ಉತ್ತರಗಳನ್ನು ಕೊಟ್ಟೆನೇ ಹೊರತು ಒಂದೂ ನಿಜವಾದ ಪ್ರಶ್ನೆ ಕೇಳಿಲ್ಲ ಅನ್ನುವುದು ಅವಳಿಗೆ ಆಗ ಹೊಳೆಯಿತು. ಯಜಮಾನರ ಅಪ್ಪಣೆ ಕೇಳಿ, ಪುಸ್ತಕದಲ್ಲಿಲ್ಲದ ಒಂದನ್ನು ಕೇಳಿದಳು.

“ಮೊದಲ ಗುಟುಕು ಎಲ್ಲಿ ಕುಡಿದೆ ಮಗಾ?”

ಅವನು ನೆಲಕ್ಕೇ ಹೇಳುವವನಂತೆ ಹೇಳಿದ.

“ದಾರೀಲಿ ಮೇಡಂ. ದೊಡ್ಡೋರು ಬೀರು ತರೋಕೆ ಕಳಿಸ್ತಾರಲ್ಲ. ಹಿಟ್ಟು ತಳ ಕೂತಿರುತ್ತೆ, ಪೊಟ್ಟಣ ಅಲ್ಲಾಡಿಸ್ಕೊಂಡು ಬಾ ಅಂತಾರೆ. ಅಲ್ಲಾಡಿಸಿದ್ರೆ ಉಬ್ಬುತ್ತೆ. ಮೂಲೆ ಹರಿದು ಒಂದು ಗುಟುಕು ಕುಡಿದ್ರೆ ಚೆಲ್ಲಲ್ಲ. ನಾನಾಗ ಎರಡನೇ ಕ್ಲಾಸು.”

ಯಾರು ಕಳಿಸಿದ್ದು ಅಂತ ಯಜಮಾನರು ಕೇಳಿದರು. ಹುಡುಗ ಹೆಸರು ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಆ ಜೋಳದ ಬೀರು ತರಲು ಒಂದಲ್ಲ ಒಂದು ದಿನ ಒಂದಲ್ಲ ಒಂದು ಮಗುವನ್ನು ಓಡಿಸದ ಗಂಡಸು ಆ ಕುರ್ಚಿಗಳ ಮೇಲೆ ಒಬ್ಬನೂ ಇರಲಿಲ್ಲ. ಎಲ್ಲರಿಗೂ ಇದ್ದಕ್ಕಿದ್ದಂತೆ ತಮ್ಮ ಚಪ್ಪಲಿಯ ಮೇಲೆ ಎಲ್ಲಿಲ್ಲದ ಆಸಕ್ತಿ ಬಂತು. ಮೊತಿಬಿಯ ಮುಖ ಮಾತ್ರ ಕೆಂಡವಾಗಿತ್ತು.

ಗಾವೊನೆ ಆ ನಾಚಿಕೆ ಆರಿಹೋಗಲು ಬಿಡಲಿಲ್ಲ. ಬೆತ್ತದ ಬರೆ ಮೂರು ದಿನ ಉರಿಯುತ್ತದೆ, ನಾಲ್ಕನೆಯ ದಿನ ಹುಡುಗರು ಅದನ್ನು ಅಂಗಿ ಎತ್ತಿ ತೋರಿಸಿ ಮೆರೆಯುತ್ತಾರೆ, ಅದು ತನಗೆ ಗೊತ್ತು ಅಂದಳು. ಇವರು ಊರಿಂದ ಕಿತ್ತುಕೊಂಡದ್ದು ನೆರಳು. ಮುಂದಿನ ಸಾವಿಗೆ ಇವರೇ ನೆರಳು ಕೊಡಲಿ, ಶಾಮಿಯಾನ ಹೊಲಿಯಲಿ, ಅದು ಸಾಲದ ಕಡೆ ಸೊಪ್ಪಿನ ಚಪ್ಪರ ಹಾಕಲಿ, ಶನಿವಾರದ ಊಟ ಮುಗಿಯುವವರೆಗೂ ನಿಂತು ದುಡಿಯಲಿ. ಮುಂದಿನ ಸಾವು ಬೇಗ ಬರಲಿ ಅಂತ ಪ್ರಾರ್ಥನೆ ಮಾಡೋಣವೇ ಅಂತ ಯಜಮಾನರು ಕೇಳಿದಾಗ ಮತ್ತೆ ನಗು ಎದ್ದಿತಾದರೂ ಈ ಸಲ ಅದರಲ್ಲಿ ಮುಳ್ಳಿರಲಿಲ್ಲ. ಬೆತ್ತವನ್ನು ಅವರು ಕುರ್ಚಿಯ ಹಿಂದಕ್ಕೆ ಸರಿಸಿದರು.

ಮೊತಿಬಿ ಎದ್ದು ನಿಂತ. ಕಟ್ಟೆಯ ಮಾತನ್ನು ತಾನು ಮೀರುವುದಿಲ್ಲ, ಆದರೆ ಹುಡುಗ ತನ್ನವನು ಅಂದ. ಆ ಸಾವಿನ ಶನಿವಾರ ಕೆಲಸ ಮುಗಿಯುವವರೆಗೂ ನೆಟ್ಟಗಿದ್ದರೆ ಶಾಲೆ. ಕೆಲಸದಲ್ಲಿ ಕಳ್ಳಾಟವಾಡಿದರೆ, ಎದುರು ಮಾತಾಡಿದರೆ, ಬಾಯಿಂದ ಬೀರಿನ ಕಮಟು ಬಂದರೆ, ಭಾನುವಾರ ಬೆಳಗ್ಗೆ ದೊಡ್ಡಿ.

ಸಾವು ಯಾರ ಪ್ರಾರ್ಥನೆಗೂ ಕಾಯಲಿಲ್ಲ. ಮುಂದಿನ ಮಂಗಳವಾರ, ಚಿನ್ನದ ಗಣಿಯಲ್ಲಿ ಎದೆ ಸವೆಸಿಕೊಂಡು ಬಂದಿದ್ದ ರಾಂಕೊ ಅಜ್ಜ ಕೆಮ್ಮುತ್ತ ಕೆಮ್ಮುತ್ತ ಹೋಗಿಬಿಟ್ಟ. ಮಳೆ ಇನ್ನೂ ಬಂದಿರಲಿಲ್ಲ, ಬಿಸಿಲು ಬಾಣಲೆಯಾಗಿತ್ತು. ಶಾಲೆ ಬಿಟ್ಟ ಕೂಡಲೇ ಮೂವರೂ ಸಾವಿನ ಮನೆಗೆ ಬಂದರು. ಮ್ಮಾ ಒಂತಿ ಒಬ್ಬೊಬ್ಬರ ಕೈಗೂ ಒಂದೊಂದು ದಬ್ಬಣ ಕೊಟ್ಟು, ಹೊಲಿಗೆ ನೆಟ್ಟಗಿರದಿದ್ದರೆ ಅದೇ ದಬ್ಬಣದಿಂದ ನಿಮ್ಮ ಕಿವಿ ಹೊಲಿಯುತ್ತೇನೆ ಅಂದಳು. ಹರಿದದ್ದರಲ್ಲಿ ಅರ್ಧವನ್ನಷ್ಟೇ ಹೊಲಿದು ಉಳಿಸಲು ಆಯಿತು. ಮಿಕ್ಕ ಅಂಗಳಕ್ಕೆ ಕಾಡಿನಿಂದ ಕಂಬ ಕಡಿದು ತಂದರು, ಮುಳ್ಳಿನಲ್ಲಿ ಮೈಯೆಲ್ಲ ಗೀರಿಸಿಕೊಂಡು ಸೊಪ್ಪು ಹೊತ್ತರು, ಹುಲ್ಲು ಹೊದಿಸಿದರು. ಶಾಮಿಯಾನ ಬರುವ ಮೊದಲು ಊರಿನ ಸಾವಿಗೆಲ್ಲ ಹೀಗೇ ಚಪ್ಪರ ಹಾಕುತ್ತಿದ್ದರಂತೆ, ಕಟ್ಟುವ ಬಗೆ ಮಾತ್ರ ಮುದುಕರಿಗಷ್ಟೇ ನೆನಪಿತ್ತು. ಅವರು ಕೂತಲ್ಲಿಂದಲೇ ಕೋಲು ತೋರಿಸಿ, ಅಲ್ಲಲ್ಲ ಕತ್ತೆ, ತೊಗಟೆಯ ನಾರು ಒದ್ದೆ ಮಾಡಿ ಕಟ್ಟು ಅಂತ ಬೈಯುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಎದ್ದ ಸುಳಿಗಾಳಿಗೆ ಚಪ್ಪರದ ಒಂದು ಮಗ್ಗುಲು ಕುಸಿದು ಬಿತ್ತು. ಇನ್ನಿಬ್ಬರು ನೆಲದ ಮೇಲೆ ಕುಕ್ಕರಿಸಿದರು. ಮೊಲೊಕಿ ಬಿದ್ದ ಕಂಬವನ್ನೇ ನೋಡುತ್ತ ನಿಂತ, ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಸಂಜೆಯ ಪ್ರಾರ್ಥನೆಗೆ ಮುಂಚೆಯೇ ಬಂದಿದ್ದ ಮುದುಕಿಯರು ಬಿಸಿಲಿನಲ್ಲೇ ಶಾಲು ತಲೆಗೆ ಹೊದ್ದು ಕೂತಿದ್ದರು. ಅವರಲ್ಲೊಬ್ಬಳು ತಲೆ ಸುತ್ತಿ ಪಕ್ಕದವಳ ಮೇಲೆ ವಾಲಿದಳು. ಅವಳಿಗೆ ನೀರು ಕುಡಿಸುವುದನ್ನು ಹುಡುಗ ನೋಡಿದ. ಪರಿಣಾಮ ಅನ್ನುವ ಪದವನ್ನು ಗಾವೊನೆ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದಳೋ. ಅದು ಇಲ್ಲಿ ಮುದುಕಿಯ ರೂಪದಲ್ಲಿ ಕೂತು ಏದುಸಿರು ಬಿಡುತ್ತಿತ್ತು. ಮೊಲೊಕಿ ಮೂಗೊರೆಸಿಕೊಂಡು ಗುದ್ದಲಿ ಎತ್ತಿದ, ಕಂಬದ ಗುಣಿಯನ್ನು ಮೊದಲಿಗಿಂತ ಆಳವಾಗಿ ತೋಡತೊಡಗಿದ. ಸ್ವಲ್ಪ ಹೊತ್ತಿಗೆ ಇನ್ನಿಬ್ಬರೂ ಎದ್ದರು.

ಶನಿವಾರ ಸೂರ್ಯ ಏರುವ ಮೊದಲೇ ರಾಂಕೊ ಅಜ್ಜನನ್ನು ಮಣ್ಣಿಗಿಟ್ಟರು. ಸ್ಮಶಾನದಿಂದ ಬಂದವರು ಬಾಗಿಲಲ್ಲಿ ಕೈ ತೊಳೆದು ಒಳಗೆ ಬಂದು, ಅರ್ಧ ಶಾಮಿಯಾನ ಅರ್ಧ ಚಪ್ಪರದ ಕೆಳಗೆ ಕೂತರು. ನೋಡಲು ಅದು ತೇಪೆ ಹಾಕಿದ ಚಡ್ಡಿಯಂತಿತ್ತು, ನೆರಳು ಮಾತ್ರ ತಂಪಾಗಿತ್ತು. ಮ್ಮಾ ಒಂತಿ ಸೊಪ್ಪಿನ ಭಾಗದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಮೇಲೆ ನೋಡಿ ತೂತುಗಳನ್ನು ಆಡಿಕೊಂಡಳು, ಆದರೆ ಊಟ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಹುಡುಗರು ಕುಟ್ಟಿದ ಮಾಂಸ, ಜೋಳದ ಮುದ್ದೆ ಬಡಿಸಿದರು, ನೀರು ಕೊಟ್ಟರು. ಎಲ್ಲರೂ ಉಂಡರು, ಅವರು ಮೂವರು ಇನ್ನೂ ಉಂಡಿರಲಿಲ್ಲ.

ಊಟವಾದ ಮೇಲೆ ಗಂಡಸರು ಬೇಲಿಯ ಪಕ್ಕದಲ್ಲಿ ಗುಂಡಗೆ ಕೂತರು. ಬೇಲಿಯಾಚೆ ಒಂದೇ ಕೂಗಳತೆಯಲ್ಲಿ ಮ್ಮಾ ತಾಪೆಲೊಳ ಮನೆ. ಮೊತಿಬಿ ಕಾಲು ಚಾಚಿ, ಬಾಯಿ ಒರೆಸಿಕೊಂಡು, ಎದುರಿಗೆ ಹಾದುಹೋಗುತ್ತಿದ್ದ ಹುಡುಗನನ್ನು ಕಂಡ.

“ಮೊಲೊಕಿ, ತಾಪೆಲೊ ಮನೆಗೆ ಓಡು. ಎರಡು ಪೊಟ್ಟಣ ತಾ.”

ತಟ್ಟೆ ತೊಳೆಯುತ್ತಿದ್ದ ಗಾವೊನೆಯ ಕೈ ನಿಂತುಹೋಯಿತು. ಪರೀಕ್ಷೆ ಮಾಡಲು ಹೇಳಿದ ಮಾತಲ್ಲ ಅದು, ರೂಢಿಯಲ್ಲಿ ನಾಲಿಗೆಯಿಂದ ಜಾರಿದ್ದು. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. ಹೋದರೆ ಹುಡುಗ ಮತ್ತೆ ಅದೇ ದಾರಿಗೆ ಬಿದ್ದಂತೆ. ಹೋಗದಿದ್ದರೆ, ಊರ ಗಂಡಸರೆಲ್ಲರ ಎದುರು ಸೋದರಮಾವನ ಮಾತು ಮೀರಿದಂತೆ. ಹಾಗೆ ಮೀರಿದವನಿಗೆ ದೊಡ್ಡಿಯೇ ಗತಿ, ಯಾರೂ ಅಡ್ಡ ಬರುವುದಿಲ್ಲ. ಆ ಗುಂಪಿನೊಳಗೆ ಹೆಂಗಸು ಬಾಯಿ ಹಾಕುವಂತಿರಲಿಲ್ಲ.

ಮೊಲೊಕಿ ಮಾವನ ಮುಂದೆ ಮಂಡಿಯೂರಿ, ಎರಡೂ ಅಂಗೈ ಜೋಡಿಸಿದ.

“ಮಾವ, ಬೇರೆ ಏನ್ ಹೇಳಿದ್ರೂ ಮಾಡ್ತೀನಿ. ಅಲ್ಲಿಗೆ ಮಾತ್ರ ಕಳಿಸ್ಬೇಡಿ.”

ಕಟ್ಟೆಯಲ್ಲಿ ಅಣಕಿಸಿದ್ದ ಅದೇ ಮುದುಕ, ಟೀಚರಮ್ಮನ ಪಾಠ ಒಪ್ಪಿಸ್ತಾನೆ ನೋಡು ಅಂದ.

“ಇದು ಪಾಠದಲ್ಲಿ ಇಲ್ಲ ಅಜ್ಜ,” ಅಂದ ಹುಡುಗ. “ಆ ದಾರೀಲಿ ಬರುವಾಗ ಕೈ ತಾನಾಗೇ ಮೂಲೆ ಹರಿಯುತ್ತೆ. ನನ್ನ ಕೈ ಮೇಲೆ ನನಗಿನ್ನೂ ನಂಬಿಕೆ ಇಲ್ಲ.”

ಮೊತಿಬಿ ಊರುಗೋಲು ಎತ್ತಿಕೊಂಡು ಎದ್ದಾಗ ಗಾವೊನೆಯೂ ತಟ್ಟೆ ಹಿಡಿದೇ ಎದ್ದು ನಿಂತಳು. ಏಟು ಬಿತ್ತು ಅಂದುಕೊಂಡೇ ಹುಡುಗ ಕಣ್ಣು ಮುಚ್ಚಿಕೊಂಡಿದ್ದ. ಮೊತಿಬಿ ಆ ಮುಚ್ಚಿದ ಕಣ್ಣುಗಳನ್ನು, ಮುಳ್ಳು ಗೀರಿದ ಕೈಗಳನ್ನು ಎಷ್ಟೋ ಹೊತ್ತು ನೋಡಿದ. ಇಷ್ಟು ವರ್ಷ ಆ ಕೈಗೆ ಕಾಸು ಕೊಟ್ಟು ಓಡಿಸಿದವನು ತಾನೇ ಅನ್ನುವುದು ಅವನ ಮುಖದ ಮೇಲೆ ಬರೆದಂತೆ ಕಾಣುತ್ತಿತ್ತು.

“ಬೆಳಗ್ಗಿಂದ ನಿಂತೇ ಇದೀಯ,” ಅಂದ ಕೊನೆಗೆ. “ಹೋಗಿ ಉಣ್ಣು.”

ಮೊತಿಬಿ ಗುಂಪು ದಾಟಿ ಗಾವೊನೆಯ ಪಕ್ಕದಲ್ಲೇ ಹಾದು ಬಂದ. ಅವಳ ಮುಖ ನೋಡದೆ, ಪರೀಕ್ಷೆ ಯಾವತ್ತು ಶುರು ಅಂತ ಕೇಳಿದ. ಅವಳು ಹೇಳಿದಳು. ದನ ಕಾಯಲು ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ ಅಂತ ಗೊಣಗಿ, ಬೇಲಿಯ ಗೇಟು ತೆರೆದು, ಉರಿಬಿಸಿಲಿನಲ್ಲಿ ತಾನೇ ತಾಪೆಲೊಳ ಮನೆಯ ಕಡೆ ನಡೆದ. ಗಾವೊನೆಗೆ ನಗುವೂ ಬಂತು, ಅಳುವೂ ಬಂತು. ತಡೆಯಲಿಲ್ಲ, ಎರಡನ್ನೂ ಬರಗೊಟ್ಟಳು.

ಬಾಗಿಲಲ್ಲಿ ನಿಂತಿದ್ದ ಮ್ಮಾ ತಾಪೆಲೊಗೆ ಮೊತಿಬಿ ಖುದ್ದಾಗಿ ಬಂದದ್ದು ಕಂಡು ಅಚ್ಚರಿಯಾಗಿರಬೇಕು. ಅವಳ ದನಿ ಬೇಲಿಯ ಈಚೆಗೂ ಕೇಳಿಸಿತು.

“ಹುಡುಗ ಎಲ್ಲಿ?”

“ಊಟಕ್ಕೆ ಕೂತಿದಾನೆ,” ಅಂದ ಮೊತಿಬಿ.