ಪಟ್ಟಿ ಹಿಡಿದ ಕೈ

ನನ್ನ ಮಾವನವರಿಗೆ ಎದುರಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಅವರು ಗದರಿದರೆ ಬಸ್ಸಿಗೆ ಬಸ್ಸೇ ಬಾಯಿ ಮುಚ್ಚುತ್ತಿತ್ತಂತೆ. ನಿವೃತ್ತರಾದ ಮೇಲೆ ಹಳೆಯ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಒಲೆ, ಕಪಾಟು ಎಲ್ಲ ಕೂರಿಸಿ ಅದನ್ನೇ ಒಂದು ಮನೆ ಮಾಡಿಕೊಂಡಿದ್ದರು. ಅದರಲ್ಲಿ ನನ್ನ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು, ಬೆಟ್ಟ ಹತ್ತಿಳಿದು, ಸರೋವರದ ದಡಕ್ಕೆ ಹೊರಡುವವರಿದ್ದರು. ನಾವು ಗಂಡಹೆಂಡತಿ ರಜೆ ಸಿಕ್ಕ ಮೇಲೆ ಹೋಗುವುದು. ಬೆಟ್ಟದ ದಾರಿಯೆಂದು ನಾನು ರಾಗ ಎಳೆದರೆ ನಮ್ಮವರು, "ಅಪ್ಪ ಕಣ್ಮುಚ್ಕೊಂಡು ಓಡಿಸ್ತಾರೆ, ಸುಮ್ನಿರು," ಎಂದಿದ್ದರು.

ಹೊರಡುವ ಮುನ್ನಾದಿನ ಉಳಿದದ್ದು ಒಂದೇ ಕೆಲಸ. ವ್ಯಾನಿನ ಪಕ್ಕಕ್ಕೆ ನೆರಳಿಗಾಗಿ ಬಟ್ಟೆಯ ಚಪ್ಪರ ಕಟ್ಟಬೇಕಲ್ಲ, ಅದನ್ನು ಸಿಕ್ಕಿಸಲು ಮೇಲಂಚಿನುದ್ದಕ್ಕೂ ಅಲ್ಯೂಮಿನಿಯಂ ಪಟ್ಟಿ ಕೂರಿಸಬೇಕಿತ್ತು. ಒಂದು ಏಣಿಯ ಮೇಲೆ ನಾನು ಪಟ್ಟಿ ಹಿಡಿದು ನಿಂತಿದ್ದೆ, ಇನ್ನೊಂದರ ಮೇಲೆ ಮಾವ ಡ್ರಿಲ್ ಹಿಡಿದು.

ಡ್ರಿಲ್ ಜಾರದಿರಲೆಂದು ಅವರು ಮೊದಲೇ ಪಟ್ಟಿಯ ಮೇಲೆ ಮೊಳೆಯಿಟ್ಟು ಸುತ್ತಿಗೆಯಿಂದ ತಟ್ಟಿ ಅಲ್ಲಲ್ಲಿ ಸಣ್ಣ ಗುಳಿ ಮಾಡಿಟ್ಟಿದ್ದರು. ಒಂದೊಂದು ಗುಳಿಯನ್ನೂ ಬೆರಳಿನಿಂದ ಸವರಿ, ಅದಕ್ಕೇ ಮೊನೆ ಕೊಟ್ಟು ಕೊರೆದು, ಅಂಟು ತುಂಬಿ, ಸ್ಕ್ರೂ ಬಿಗಿಯುತ್ತ ನನ್ನ ಕಡೆಗೆ ಬಂದರು. ಎಂಥ ಅಚ್ಚುಕಟ್ಟು ಎಂದುಕೊಂಡೆ.

ಕೊನೆಯ ಗುಳಿಯ ಹಿಂದೆಯೇ ಒಳಗಿನ ದೀಪದ ವೈರು ಹಾದುಹೋಗಿದ್ದು ನನಗೆ ಆಗ ನೆನಪಾಯಿತು. ದಪ್ಪ ಕಪ್ಪು ಪೆನ್ನಿನಿಂದ ಗೇಣು ಅವರ ಕಡೆಗೆ ಸರಿಸಿ ಹೊಸ ಗುರುತು ಹಾಕಿದೆ.

"ಮಾವ, ಇಲ್ಲಿ ವೈರಿದೆ. ಗುರುತು ಬದಲಾಯಿಸಿದೀನಿ, ನೋಡಿ."

"ನೋಡ್ದೆ ಕಣಮ್ಮ, ನೋಡ್ದೆ."

ಅವರ ಬೆರಳು ಪಟ್ಟಿಯ ಮೇಲೆ ಹರಿದು ಬಂತು. ನನ್ನ ಕಪ್ಪು ಗುರುತನ್ನು ದಾಟಿ ಹಳೆಯ ಗುಳಿಯಲ್ಲಿ ನಿಂತಿತು. ಬಾಯಿ ತೆರೆಯುವಷ್ಟರಲ್ಲಿ ಡ್ರಿಲ್ ಗುರ್ರೆಂದಿತು. ಮೊನೆ ಗುಳಿ ತಪ್ಪಿ ಜಾರಿ, ಕೆಳಗೆ ಒತ್ತಿ ಹಿಡಿದಿದ್ದ ನನ್ನ ಹೆಬ್ಬೆರಳನ್ನು ಸೀಳಿಕೊಂಡು ಹೋಯಿತು. ಕೂಗಲು ಉಸಿರೇ ಇರಲಿಲ್ಲ.

ಬಿಳಿಯ ವ್ಯಾನಿನ ಮೇಲೆ ರಕ್ತ ಇಳಿಯುತ್ತಿತ್ತು. ಮಾವ ಅದನ್ನೇ ದಿಟ್ಟಿಸುತ್ತ, "ಯಾಕೋ ಜಾರ್ತು ಕಣಮ್ಮ. ಗುಳೀಲಿ ಕೂತಿದ್ಯಾ ನೋಡು," ಎಂದರು.

ಬೆರಳಿನ ಉರಿ ಮರೆತೇಹೋಯಿತು. ಕಣ್ಣ ಮುಂದೆ ಬೆಟ್ಟದ ತಿರುವುಗಳು, ವ್ಯಾನಿನೊಳಗೆ ನನ್ನ ಮಕ್ಕಳು. ಈ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಳುವುದಾದರೂ ಹೇಗೆ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಮನೆಯವರೆಲ್ಲ ನಗುತ್ತಿದ್ದೆವು. ಈಗ ಗಂಟೆ ನನ್ನ ಕೈಗೇ ಬಂದಿತ್ತು. ಅವರೆಂದರೆ ಹೆದರಿಕೆ ಒಂದು ಕಡೆ, ನಾಳೆಯ ಹೆದರಿಕೆ ಇನ್ನೊಂದು ಕಡೆ.

"ಮಾವ, ನನ್ನ ಕೈ ಕುಯ್ದೋಗಿದೆ."

"ಯಾವ ಕೈ?" ಎಂದರು. ಕೈ ಅವರ ಮುಖದ ಎದುರಿಗೇ ಇತ್ತು.

"ವ್ಯಾನಿನ ಕೀ ಕೊಡಿ." ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಗದರುತ್ತಾರೆಂದು ತಲೆ ತಗ್ಗಿಸಿದೆ. ಗದರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಭಯವಾಯಿತು. ಅವರು ಏಣಿಯನ್ನು ತಡವಿ ಡ್ರಿಲ್ಲನ್ನು ಅದಕ್ಕೆ ಸಿಕ್ಕಿಸಿ, ಜೇಬಿನಿಂದ ಕೀ ತೆಗೆದು ಎತ್ತಲೋ ಚಾಚಿದರು. ನಾನೇ ಬಾಗಿ ತೆಗೆದುಕೊಳ್ಳಬೇಕಾಯಿತು.

"ಎಡಗಣ್ಣು ಪೂರ್ತಿ ಹೋಗಿದೆ," ಎಂದರು ಮೆಲ್ಲಗೆ. "ಬಲಗಣ್ಣಲ್ಲಿ ಅಂಚು ಮಾತ್ರ ಕಾಣ್ಸತ್ತೆ. ನಡುವೆ ಎಲ್ಲಾ ಹೊಗೆ. ನಿನ್ನ ಗಂಡನಿಗೆ ಹೇಳ್ಬೇಡಮ್ಮ."

"ದಿನಾ ಈ ವ್ಯಾನಲ್ಲೇ ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರ್ತೀರಲ್ಲ ಮಾವ. ಹೇಗೆ?"

"ದೊಡ್ಡವಳು ಪಕ್ಕದಲ್ಲಿ ಕೂತಿರ್ತಾಳಲ್ಲ. ಅಜ್ಜ, ಕೆಂಪು ಬಂತು, ಅಜ್ಜ, ಹಸಿರು ಬಂತು, ಮುಂದೆ ಸೈಕಲ್ ಇದೆ ಅಂತ ಹೇಳ್ತಾ ಹೋಗ್ತಾಳೆ. ಅವಳಿಗೆ ಅದೊಂದು ಆಟ." ಅವರ ದನಿಗೆ ಹಳೆಯ ಗತ್ತು ಮರಳಿ ಬಂತು. "ಒಂದು ಸಲಾನೂ ತಪ್ಪು ಹೇಳಿಲ್ಲ ಕಣಮ್ಮ."

ದೊಡ್ಡವಳಿಗೆ ಆರು ವರ್ಷ. ಬಲ ಯಾವುದು, ಎಡ ಯಾವುದು ಎಂದರೆ ಇನ್ನೂ ತಡವರಿಸುತ್ತಾಳೆ. ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಾನು ಏಣಿಯ ಮೇಲೆಯೇ ಕೂತುಬಿಟ್ಟೆ.