ಭಾನುವಾರ ನನ್ನದು

ಮತ್ತೆ ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು, ಸುಮ್ಮನಾದ ಮೇಲೆಯೇ ಗೊತ್ತಾಗುವುದು ಅಷ್ಟು ಹೊತ್ತೂ ಅದು ಗುಂಯ್ ಅನ್ನುತ್ತಿತ್ತೆಂದು, ಈ ಮೂರು ದಿನದ ಬಾಡಿಗೆ ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಸದ್ದಿದೆ, ನಲ್ಲಿಗೆ, ಮೆಟ್ಟಿಲಿಗೆ, ಅತ್ತೆಯ ಚಪ್ಪಲಿಗೆ, ಒಳಗೆ ಮಲಗಿರುವ ನನ್ನ ಮಗಳ ಎದೆಗೆ — ಬಾಗಿಲು ಓರೆ ಮಾಡಿಟ್ಟು ಬಂದಿದ್ದೇನೆ, ಕೇಳುತ್ತದೆ, ಉಸಿರು ಬಿಡುವಾಗ ಸಣ್ಣ ಸೀಟಿ, ರಾತ್ರಿಗಿಂತ ಕಡಿಮೆ, ರಾತ್ರಿಗಿಂತ ಕಡಿಮೆ ಎಂದು ನನಗೆ ಅನ್ನಿಸಬೇಕೆಂದು ನಾನು ಬಯಸುತ್ತಿದ್ದೇನೆ ಎಂಬುದೂ ನನಗೆ ಗೊತ್ತು. ಆರು ನಲವತ್ತೊಂದು. ಶೂ ಹಾಕಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ, ಕೂತಿದ್ದೇನೆ. ಮೇಜಿನ ಮೇಲೆ ಅವನ ಚೀಟಿ, ಸಕ್ಕರೆ ಡಬ್ಬಿಯ ಕೆಳಗೆ ಸಿಕ್ಕಿಸಿ ಹೋಗಿದ್ದಾನೆ, ಸುಮ್ನೆ ಕಾಲು ಸಡಿಲ ಮಾಡ್ಕೊಂಡ್ ಬರ್ತೀನಿ, ಐದೇ ಕಿಲೋಮೀಟರ್, ಆರೂವರೆಗೆ ಬಾಗಿಲಲ್ಲಿರ್ತೀನಿ, ಕೊನೆಯಲ್ಲಿ ಒಂದು ನಗುವ ಮುಖ, ಬಾಲ್‌ಪೆನ್ನಿನಲ್ಲಿ, ಎರಡು ಚುಕ್ಕಿ ಒಂದು ಗೆರೆ, ಆ ಗೆರೆಯನ್ನು ನೋಡಿದಷ್ಟೂ ಅದು ನಗುತ್ತಿಲ್ಲ, ಹಲ್ಲು ಕಿರಿಯುತ್ತಿದೆ. ಫೋನಿನ ನಕ್ಷೆಯಲ್ಲಿ ಅವನೊಂದು ನೀಲಿ ಬೊಟ್ಟು. ಸುರಕ್ಷತೆಗೆ ಎಂದು ಇಬ್ಬರೂ ಹಾಕಿಕೊಂಡ ವ್ಯವಸ್ಥೆ, ಯಾರಾದರೂ ಎಲ್ಲಾದರೂ ಬಿದ್ದರೆ ಇನ್ನೊಬ್ಬರಿಗೆ ತಿಳಿಯಲಿ ಎಂದು. ಬಿದ್ದಿಲ್ಲ. ಬೊಟ್ಟು ಕೆರೆಯ ಆಚೆ ದಡದಲ್ಲಿದೆ, ಚೆನ್ನಾಗಿ ಜರುಗುತ್ತಿದೆ, ಐದು ಕಿಲೋಮೀಟರಿನವನು ಕೆರೆಯ ಆಚೆ ದಡಕ್ಕೆ ಹೋಗುವುದು ಹೇಗೆ, ಆಚೆ ದಡವೇ ಏಳು, ಅಲ್ಲಿಂದ ಹಿಂತಿರುಗಿದರೂ ಒಂದೇ ಸುತ್ತು ಹಾಕಿದರೂ ಒಂದೇ, ಹಿಂತಿರುಗುವುದಿಲ್ಲ ಅವನು, ಸುತ್ತು ಹಾಕುತ್ತಾನೆ, ಹೋದ ದಾರಿಯಲ್ಲೇ ವಾಪಸು ಬರುವುದೆಂದರೆ ಅವನಿಗೆ ಬೇಜಾರು, ಎಷ್ಟು ಸೂಕ್ಷ್ಮ ಮನಸ್ಸು.

ನಿನ್ನೆ ಅವನದು, ಇವತ್ತು ನನ್ನದು. ಶನಿವಾರ ನಿಂದು ಭಾನುವಾರ ನಂದು ಅಂತ ಎರಡು ತಿಂಗಳ ಹಿಂದೆಯೇ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಸಿರು ಅವನು, ಕೆಂಪು ನಾನು, ಹತ್ತು ವಾರ, ಮೂರು ದಿನದ ಈ ರಜೆಯನ್ನೂ ಸೇರಿಸಿ, ಇಲ್ಲಿಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಇನ್ನೊಮ್ಮೆ ಕೇಳಿದ್ದೆ, ಭಾನುವಾರ ನಂದಲ್ವಾ, ಹೂಂ ಕಣೇ ಎಷ್ಟ್ ಸಲ ಕೇಳ್ತೀಯಾ, ಬರ್ಕೊಡ್ಲಾ? ಬರೆದುಕೊಟ್ಟಿದ್ದಾನೆ, ನಗುವ ಮುಖದ ಸಮೇತ. ನಿನ್ನೆ ಅವನು ಮೂವತ್ತು ಓಡಿ ಬಂದು ಸೋಫಾದ ಮೇಲೆ ಕಾಲು ಗೋಡೆಗೆ ಎತ್ತಿ ಮಲಗಿದ, ಅವರಮ್ಮ ಉಪ್ಪು ಸಕ್ಕರೆ ಹಾಕಿದ ನೀರು ತಂದುಕೊಟ್ಟರು, ತಂಗಿ ಬಂದು ಅಣ್ಣನ ಹಿಮ್ಮಡಿ ನೋಡಿ ಅಯ್ಯೋ ಬೊಬ್ಬೆ ಬಂದಿದೆ ಅಂದಳು, ಒಂದು ಬೊಬ್ಬೆಗೆ ಮೂರು ಜನ. ನನ್ನ ಸರದಿ ಬಂದರೆ ಅದೇ ನಾದಿನಿ, ಅತ್ತಿಗೆ, ಮೂವತ್ತು ಕಿಲೋಮೀಟ್ರಾ, ನಿಮ್ಮನ್ನ ಯಾರಾದ್ರೂ ಅಟ್ಟಿಸ್ಕೊಂಡ್ ಬರ್ತಾರಾ? — ನಕ್ಕರು ಎಲ್ಲರೂ, ನಾನೂ ನಕ್ಕೆ, ನಾನು ನಗದಿದ್ದರೆ ಅದಕ್ಕೊಂದು ಮಾತು ಬರುತ್ತದಲ್ಲ. ಹತ್ತೂಕಾಲಿಗೆ ದೋಣಿ, ಎಲ್ಲರಿಗೂ ಸೀಟು ಹಿಡಿದಾಗಿದೆ, ಹತ್ತಕ್ಕೆ ಮನೆ ಬಿಡುವುದು, ಅಂದರೆ ಒಂಬತ್ತು ಐವತ್ತೈದಕ್ಕೆ ನಾನು ಗೇಟಿನೊಳಗಿರಬೇಕು, ಬೆವರಿನಲ್ಲೇ ಬಟ್ಟೆ ಬದಲಿಸಿ ದೋಣಿ ಹತ್ತುತ್ತೇನೆ, ಪರವಾಗಿಲ್ಲ. ನನಗೆ ಒಂದು ಕಿಲೋಮೀಟರಿಗೆ ಆರು ನಿಮಿಷ ಚಿಲ್ಲರೆ. ಈಗ ಹೊರಟರೂ ಮೂವತ್ತು ಆಗುತ್ತದೆ. ಈಗ. ಆರು ನಲವತ್ತಾರು, ಈಗ ಇಪ್ಪತ್ತೊಂಬತ್ತು ಆಯಿತು, ಇಲ್ಲಿ ಕುರ್ಚಿಯ ಮೇಲೆ ಕೂತ ಹಾಗೇ ಒಂದು ಕಿಲೋಮೀಟರು ಕೈಬಿಟ್ಟು ಹೋಯಿತು, ಯಾವುದು ಹೋಯಿತು, ಕೊನೆಯದು, ಕೆರೆಯ ಬದಿಯ ಆ ನೆರಳಿನ ರಸ್ತೆ.

ಮ್ಯಾರಥಾನಿಗೆ ಮೂರು ವಾರ ಉಳಿದಿದೆ. ಇವತ್ತಿನದು ಕೊನೆಯ ದೊಡ್ಡ ಓಟ, ಇದಾದ ಮೇಲೆ ಎಲ್ಲ ಕಡಿಮೆ ಮಾಡುತ್ತ ಹೋಗುವುದು, ಇದು ತಪ್ಪಿದರೆ ಇದನ್ನು ಇಡಲು ಬೇರೆ ವಾರ ಇಲ್ಲ. ಕಳೆದ ವರ್ಷವೂ ಇದೇ ತಪ್ಪಿತು, ಆಗ ಅವನ ಗೆಳೆಯನ ಮನೆಯ ಊಟ, ಒಂದು ವಾರ ತಾನೇ ಏನಾಗುತ್ತೆ ಅಂದಿದ್ದ, ಏನಾಯಿತೆಂದರೆ ಮೂವತ್ತನಾಲ್ಕನೇ ಕಿಲೋಮೀಟರಿನಲ್ಲಿ ಕಾಲು ಮರಗಟ್ಟಿ ನಡೆದೆ, ನಡೆಯುವವರ ಹಿಂದೆಯೇ ಬರುತ್ತದೆ ಆ ಬಸ್ಸು, ಹೊತ್ತು ಮೀರಿದವರನ್ನು ಎತ್ತಿಕೊಳ್ಳುವ ಬಸ್ಸು, ಮನುಷ್ಯರ ವೇಗದಲ್ಲಿ ಬೆನ್ನಿಗೆ ಬಿಸಿಗಾಳಿ ಊದುತ್ತ, ಡ್ರೈವರು ಕಿಟಕಿಯಿಂದ ಮುಖ ಹಾಕಿ ಹತ್ತಮ್ಮಾ ಹತ್ತು, ಯಾಕ್ ಒದ್ದಾಡ್ತೀಯಾ ಅಂದ. ಹತ್ತಿದೆ. ಒಳಗೆ ಏಳು ಜನ, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊನೆಗೆರೆಯ ಹತ್ತಿರ ಇಳಿಸಿದರು, ಅಲ್ಲಿ ಅವನು, ಕೊರಳಲ್ಲಿ ಪದಕ, ಕೈಯಲ್ಲಿ ಬಾಳೆಹಣ್ಣು, ಅಯ್ಯೋ ಪಾಪ, ಬಿಡು, ಬಂದಿದ್ದೇ ದೊಡ್ಡದು. ಬಂದಿದ್ದೇ ದೊಡ್ಡದು! ಔಷಧದ ಡಬ್ಬಿಯೊಳಗೆ ಮಡಿಸಿಡುತ್ತಾರಲ್ಲ ಆ ತೆಳು ಕಾಗದ, ಅದನ್ನು ಬರೆಯುವುದು ನನ್ನ ಕೆಲಸ, ಹನ್ನೊಂದು ವರ್ಷದಿಂದ, ಯಾರೂ ಓದದ ಬರಹದ ಲೇಖಕಿ, ಸಾಮಾನ್ಯವಾಗಿ ತಲೆಸುತ್ತು, ಅಪರೂಪಕ್ಕೆ ಮೈ ತುರಿಕೆ, ಅತ್ಯಪರೂಪಕ್ಕೆ ಸಾವು, ಒಂದೊಂದು ಪದಕ್ಕೂ ಲೆಕ್ಕ ಇದೆ, ನೂರರಲ್ಲಿ ಎಷ್ಟು ಜನ, ಸಾವಿರದಲ್ಲಿ ಎಷ್ಟು, ಹಾಗಾಗಿ ಜನ ಸುಮ್ನೆ, ಐದೇ, ಏನಾಗುತ್ತೆ ಎಂದೆಲ್ಲ ಪದ ಎಸೆದು ಹೋದಾಗ ಅವನ್ನು ಹೆಕ್ಕಿ ತೂಗಿ ನೋಡುವುದು ನನಗೆ ಬಿಡಲಾಗದ ಚಾಳಿ. ಸುಮ್ನೆ ಅಂದರೆ ನಿನಗೆ ಹೇಳದೆ. ಐದೇ ಅಂದರೆ ಹದಿನಾಲ್ಕು. ಆರೂವರೆ ಅಂದರೆ — ಆರು ಐವತ್ಮೂರು, ಇಪ್ಪತ್ತೆಂಟು — ಅವನು ಕೆಟ್ಟವನಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಎಲ್ಲರೂ ಒಪ್ಪುತ್ತಾರೆ, ಒಪ್ಪುವ ವೇಗ ನೋಡಿದರೆ ಮೈ ಉರಿಯುತ್ತದೆ.

ಮೆಟ್ಟಿಲು ಕಿರುಗುಟ್ಟಿತು, ಚಪ್ಪಲಿಯ ಸದ್ದು, ಅತ್ತೆ. ದೀಪ ಹಾಕುವುದಿಲ್ಲ, ಮೊದಲು ನಿಂತು ನೋಡುತ್ತಾರೆ. ಯಾಕಮ್ಮಾ, ಬೆಳಗಾಗೆದ್ದು ಶೂ ಹಾಕ್ಕೊಂಡು ಅಡುಗೆಮನೇಲಿ ಕಾವಲು ಕೂತಿದೀಯ? ಇವರು ಇನ್ನೂ ಬಂದಿಲ್ಲ ಅತ್ತೆ. ಬರ್ತಾನೆ ಬಿಡು, ಎಲ್ಲಿ ಹೋಗ್ತಾನೆ. ಇವತ್ತು ನಂದು, ಭಾನುವಾರ ನಂದು. ಭಾನುವಾರಾನೂ ಭಾಗ ಮಾಡ್ಕೊಂಡಿದೀರಾ? ನಮ್ಮ ಕಾಲದಲ್ಲಿ ಆಸ್ತಿ ಭಾಗ ಮಾಡ್ಕೋತಿದ್ರು, ಅದೂ ಗಂಡ ಹೆಂಡ್ತಿ ಅಲ್ಲ, ಅಣ್ಣ ತಮ್ಮಂದಿರು. ಕಾಫಿ ಪುಡಿ ಡಬ್ಬಿಯನ್ನು ಹುಡುಕುತ್ತ ನನ್ನ ಕಾಲನ್ನೇ ನೋಡುತ್ತಿದ್ದಾರೆ, ಮೊಣಕಾಲಿನಿಂದ ಕೆಳಗಿನ ಭಾಗವನ್ನು, ಬಟ್ಟೆ ಮುಚ್ಚದ ಭಾಗವನ್ನು. ಹೋಗೋದಾದ್ರೆ ಹೋಗು, ನಾನಿಲ್ವಾ, ಮಗೂನ ನಾನ್ ನೋಡ್ಕೋತೀನಿ. ಇದೇ, ಇದೇ ಮಾತು ಹೋದ ರಜೆಯಲ್ಲೂ, ಮಗೂನ ನಾನ್ ನೋಡ್ಕೋತೀನಿ, ನಾವಿಬ್ಬರೂ ಅರ್ಧ ದಿನ ಹೊರಗೆ ಹೋಗಿ ಬಂದರೆ ಮಗು ತುಟಿ ನೀಲಿಯಾಗಿ ಕುರ್ಚಿಯ ಅಂಚು ಹಿಡಿದು ಕೂತಿದೆ, ಭುಜ ಕಿವಿಯ ಹತ್ತಿರ, ಉಬ್ಬಸದ ಪಂಪು ಚೀಲದಲ್ಲೇ ಇದೆ, ಕೊಡ್ಲಿಲ್ಲಮ್ಮಾ, ಅಭ್ಯಾಸ ಆಗ್ಬಿಡತ್ತಲ್ಲ ಅಂತ, ಬಿಸಿನೀರು ಕೊಟ್ಟೆ. ಆಸ್ಪತ್ರೆಯಲ್ಲಿ ಎರಡು ದಿನ ಮೂಗಿಗೆ ಕೊಳವೆ. ಅದಾದ ಮೇಲೆ ನಮ್ಮಿಬ್ಬರ ನಡುವೆ ಒಂದು ಕಟ್ಟಳೆ, ಪಂಪಿನ ಚೀಲ ಯಾರ ಹತ್ತಿರವೋ ಮಗು ಅವರದು, ಬೇರೆ ಯಾರ ಕೈಗೂ ಚೀಲ ಹೋಗಬಾರದು, ಓಡಿ ಬಂದವರು ಗೇಟಿನಲ್ಲಿ ಕೈ ಚಾಚಬೇಕು, ಹೊರಡುವವರು ಕೊಟ್ಟು ಹೊರಡಬೇಕು, ರಿಲೇ ಓಟದ ಕೋಲಿನ ಹಾಗೆ, ಮೊದಮೊದಲು ನಾವದಕ್ಕೆ ನಗುತ್ತಿದ್ದೆವು. ಬೇಡ ಅತ್ತೆ, ಬಂದುಬಿಡ್ತಾರೆ. ಅವರು ಚಮಚವನ್ನು ಬಟ್ಟಲಿಗೆ ಬೇಕೆಂದೇ ಜೋರಾಗಿ ಕುಟ್ಟಿದರು. ನನ್ ಕೈಗ್ ಕೊಡಕ್ಕೂ ಭಯ. ಹೌದು ಭಯ, ಅಪರೂಪಕ್ಕೆ ಅಲ್ಲ, ಸಾಮಾನ್ಯವಾಗಿ.

ಏಳು. ಇಪ್ಪತ್ತೇಳು. ಅಮ್ಮಾ ಅಂತ ಒಳಗಿಂದ, ಎದ್ದಿದ್ದಾಳೆ, ಹಾಸಿಗೆಯ ಮೇಲೆ ಕಾಲು ಮಡಿಸಿ ಕೂತಿದ್ದಾಳೆ, ಕೂದಲು ಒಂದೇ ಕಡೆಗೆ, ನಾಲ್ಕು ವರ್ಷಕ್ಕೆ ಇಷ್ಟು ಗಂಭೀರ ಮುಖ ಯಾರದ್ದು, ನನ್ನದೇ, ಪಾಪ. ಶೂ ಯಾಕೆ? ಓಡಕ್ಕೆ ಕಂದಾ. ಅಪ್ಪ? ಓಡ್ತಿದಾರೆ. ಪಂಪನ್ನು ಚೆನ್ನಾಗಿ ಕುಲುಕಿ, ಮುಖಕ್ಕೆ ಹಿಡಿದು, ಒಂದು ಸಲ ಒತ್ತಿ, ಹತ್ತು ಎಣಿಸಿ, ಅವಳೇ ಬೆರಳಲ್ಲಿ ಎಣಿಸುತ್ತಾಳೆ, ಇನ್ನೊಂದು ಸಲ, ಮತ್ತೆ ಹತ್ತು, ಕಣ್ಣು ನನ್ನ ಮೇಲೆ ನೆಟ್ಟು, ಈ ಕಾಗದವನ್ನೂ ನಾನೇ ಬರೆದದ್ದು, ಇದೇ ಪಂಪಿನದು, ಮಗುವಿನ ಜೊತೆ ಹಿರಿಯರೊಬ್ಬರು ಇರತಕ್ಕದ್ದು. ಇರತಕ್ಕದ್ದು ಎಂಬ ಪದ ಗಟ್ಟಿಯಾಯಿತು, ಇರಬೇಕು ಸಾಕಲ್ಲವೇ ಅಂತ ಮೇಲಿನವರು ಕೇಳಿದ್ದರು, ಸಾಲದು ಅಂದಿದ್ದೆ. ಸೀಟಿ ಇಳಿಯಿತು. ಬೊಟ್ಟು? ಬೊಟ್ಟು ಈ ದಡಕ್ಕೆ ಬಂದಿದೆ, ದೊಡ್ಡ ರಸ್ತೆಗೆ ಹತ್ತಿದೆ, ಇನ್ನೇನು ತಿರುವು. ಬೈಯುವುದಿಲ್ಲ. ಬೈದರೆ ನಾಲ್ಕು ನಿಮಿಷ ಹೋಗುತ್ತದೆ, ಅವನು ಸಾರಿ ಹೇಳುವುದಕ್ಕೆ ಇನ್ನೆರಡು, ಅವನ ಸಾರಿಗೆ ನನ್ನ ಹತ್ತಿರ ಈಗ ಕಿಲೋಮೀಟರು ಇಲ್ಲ. ಕೈ ಚಾಚಲಿ, ಚೀಲ ಕೊಡುತ್ತೇನೆ, ಮುಖವನ್ನೂ ನೋಡುವುದಿಲ್ಲ.

ಏಳು ಹದಿಮೂರು, ಇಪ್ಪತ್ತೈದು, ಇಪ್ಪತ್ತೈದೂ ಬೇಕು ನನಗೆ, ಇಪ್ಪತ್ತೈದಾದರೂ ಆದರೆ ಆ ಬಸ್ಸಿನ ಮುಂದೆ ಇರುತ್ತೇನೆ — ಮಗಳನ್ನು ಸೊಂಟಕ್ಕೆ ಏರಿಸಿ, ಚೀಲ ಹಿಡಿದು, ಅಂಗಳ ದಾಟಿ, ಗೇಟು ತೆಗೆದು ನಿಂತಿದ್ದೇನೆ, ತಿರುವಿನಲ್ಲಿ ಕಿತ್ತಳೆ ಬಣ್ಣ, ಅಪ್ಪ! ಬಂದ, ಹತ್ತಿರ ಬಂದ, ಅವನ ಉಸಿರು ಕೇಳುತ್ತಿದೆ, ನಾನು ಚೀಲ ಮುಂದೆ ಚಾಚಿದೆ. ಅವನು ಒಂದು ಬೆರಳು ಎತ್ತಿ ತೋರಿಸಿದ. ಒಂದು ನಿಮಿಷ. ಗೇಟನ್ನು ದಾಟಿ ಹೋದ. ಮಣಿಕಟ್ಟು ನೋಡಿಕೊಳ್ಳುತ್ತ ಹೋದ, ಆಚೆ ಲೈಟುಕಂಬದವರೆಗೆ, ಕಂಬವನ್ನು ಸುತ್ತಿ ವಾಪಸು, ಹದಿನಾಲ್ಕು ಪಾಯಿಂಟ್ ಮೂರು ಕಣೇ, ಹದಿನೈದು ಮಾಡ್ಬಿಡ್ತೀನಿ, ಹೇಳಿದ್ದೂ ಗಾಳಿಗೆ, ಮಣಿಕಟ್ಟು ನೋಡಿಕೊಳ್ಳುತ್ತ, ಗೇಟನ್ನು ದಾಟಿ, ಈಚೆ ಕಂಬಕ್ಕೆ. ಏಳುನೂರು ಮೀಟರು. ದುಂಡು ಸಂಖ್ಯೆ. ವಾರದ ಪಟ್ಟಿಯಲ್ಲಿ ಹದಿನಾಲ್ಕು ಪಾಯಿಂಟ್ ಮೂರು ಅಂತ ಬಿದ್ದರೆ ಅಸಹ್ಯ, ನನಗೆ ಗೊತ್ತು ಆ ಅಸಹ್ಯ, ನಾನೂ ನಮ್ಮ ಬೀದಿಯಲ್ಲಿ ಹೀಗೆ ಸುತ್ತಿದ್ದೇನೆ, ಮಹಡಿಯ ಕಿಟಕಿಯಲ್ಲಿ ಇವಳ ಮುಖ ಕಂಡರೂ ಕಾಣದ ಹಾಗೆ, ಅದನ್ನು ಈಗ ನೆನೆಯಬೇಕಿಲ್ಲ. ಅಪ್ಪ ಎರಡು, ಅಂದಳು ಮಗಳು. ಎಣಿಸುತ್ತಿದ್ದಾಳೆ. ಬೆರಳು ಮಡಿಸಿ, ಪಂಪಿಗೆ ಎಣಿಸುವ ಹಾಗೆ. ಮತ್ತೆ ಬಂದ, ಮಣಿಕಟ್ಟು, ಗೇಟು, ಬೆನ್ನು. ಅಪ್ಪ ಮೂರು. ಬೆನ್ನಿನ ಮೇಲೆ ಬೆವರಿನ ನಕ್ಷೆ. ಇನ್ನು ಎರಡು ಸಲ ಹಾಯಬೇಕು ಅವನು, ಎರಡು ನಿಮಿಷ, ನಾನು ನಲವತ್ತೈದು ನಿಮಿಷ ಕಾದವಳು, ಎರಡು ನಿಮಿಷ ಏನು ಮಹಾ — ಅಲ್ಲ, ಇದೇ, ಈ ಎರಡು ನಿಮಿಷವೇ, ಇದನ್ನು ಕೊಟ್ಟರೆ ಎಲ್ಲವನ್ನೂ ಕೊಟ್ಟ ಹಾಗೆ. ಮಗಳನ್ನು ಇಳಿಸಿದೆ. ಗೇಟಿನ ಸರಳು ಹಿಡ್ಕೊ, ಗಟ್ಟಿ, ಅಪ್ಪ ಈಗ ತಿರುಗ್ತಾರೆ, ಚೀಲ ಅಪ್ಪಂಗೆ ಕೊಡು, ರಸ್ತೆಗೆ ಇಳೀಬೇಡ. ಚೀಲವನ್ನು ಅವಳ ಕೊರಳಿಗೆ ಹಾಕಿದೆ, ದಾರ ಉದ್ದವಾಗಿ ಮೊಣಕಾಲಿಗೆ ಬಡಿಯುತ್ತದೆ. ಅವನು ಅತ್ತ ಕಂಬದ ಕಡೆಗೆ, ಬೆನ್ನು. ನಾನು ಇತ್ತ. ಗಡಿಯಾರದ ಗುಂಡಿ ಒತ್ತಿದೆ, ಒತ್ತಿ ಹೊರಟೆ, ಕಾಲು ಎಷ್ಟು ಹಗುರ, ಇಷ್ಟು ಹಗುರ ಇರಬಾರದು, ಇಪ್ಪತ್ತು ಮೀಟರು, ಮೂವತ್ತು, ಅವನು ತಿರುಗಿರುತ್ತಾನೆ ಈಗ, ತಿರುಗಿಲ್ಲದಿದ್ದರೆ, ಕಂಬವನ್ನೂ ದಾಟಿ ಒಂದೇ ಸಲಕ್ಕೆ ಮುಗಿಸೋಣ ಅಂತ ಆಚೆಗೆ ಹೋಗಿದ್ದರೆ, ನೋಡಬಾರದು, ಕುತ್ತಿಗೆ ತಾನೇ ತಿರುಗಿತು: ಕಂಬದ ಆಚೆ ಕಿತ್ತಳೆ ಬೆನ್ನು, ಬಾಗಿದ ತಲೆ, ಮಣಿಕಟ್ಟು; ನನ್ನ ಕೈಯೂ ಎದೆಯ ಮಟ್ಟಕ್ಕೆ ಎದ್ದಿದೆ, ಮಣಿಕಟ್ಟು; ನಡುವೆ ಖಾಲಿ ರಸ್ತೆ, ತೆರೆದ ಗೇಟು, ಸರಳು ಹಿಡಿದ ಒಂದು ಕೈ, ಇನ್ನೊಂದು ಕೈಯನ್ನು ನನ್ನ ಕಡೆಗೆ ಎತ್ತಿದ್ದಾಳೆ, ಕರೆಯುತ್ತಿಲ್ಲ, ಅಳುತ್ತಿಲ್ಲ, ಬೆರಳು ಮಡಿಸುತ್ತಿದ್ದಾಳೆ, ಕಿರುಬೆರಳು, ಅಮ್ಮ ಒಂದು.