ಬದರಿನಾಥ್, ಎಂಟನೇ ಸುತ್ತು

ಶನಿವಾರ ಬೆಳಿಗ್ಗೆ ಏಳು ಹತ್ತಕ್ಕೆ ಎರಡು ಮೈಲಿ ಓಟ ಶುರುವಾಯಿತು. ಎಂಟು ಸುತ್ತು, ಇಪ್ಪತ್ಮೂರು ನಿಮಿಷ ಇಪ್ಪತ್ತೆರಡು ಸೆಕೆಂಡಿನೊಳಗೆ, ಅಷ್ಟೇ ವಿಷಯ ನೀರಜಾ, ಬೇರೇನೂ ಯೋಚಿಸಬೇಡ ಎಂದು ತನಗೇ ಹೇಳಿಕೊಳ್ಳುತ್ತ ಮೊದಲ ತಿರುವು ದಾಟಿದಳು, ಅಕ್ಟೋಬರಿನ ಗಾಳಿ ಹಲ್ಲಿಗೆ ತಣ್ಣಗೆ ತಾಗುತ್ತದೆ, ಏಪ್ರಿಲ್‌ನಲ್ಲಿ ಹತ್ತೊಂಬತ್ತು ಸೆಕೆಂಡಿನಿಂದ ಫೇಲ್, ಇವತ್ತೂ ಫೇಲಾದರೆ ಸೈನ್ಯದ ರಿಸರ್ವ್‌ನಿಂದ ಹೊರಗೆ ಕಳಿಸುವ ಕಾಗದಪತ್ರ ಇವತ್ತೇ ಶುರು, ಪಾಸಾದರೆ ಎಂಟಕ್ಕೆ ಬಿಡ್ತೀನಿ, ಹೋಗಿ ಪರೀಕ್ಷೆ ಬರಿ, ಉಳಿದ ಡ್ರಿಲ್ ಮುಂದಿನ ವಾರ ಮಾಡು ಎಂದಿದ್ದಳು ಸಾರ್ಜೆಂಟ್, ಹತ್ತಕ್ಕೆ ಫೇರ್‌ಫ್ಯಾಕ್ಸ್ ಕ್ಯಾಂಪಸ್ಸಿನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಮಿಡ್‌ಟರ್ಮ್, ಒಂದೇ ಸಲ, ಇನ್ನೊಮ್ಮೆ ಕೊಡುವುದಿಲ್ಲ ಎಂದು ಪ್ರೊಫೆಸರ್ ಬೋರ್ಡಿನ ಮೇಲೆಯೇ ಬರೆದಿದ್ದಾರೆ — ಎರಡು ನಿಮಿಷ ಐವತ್ತು, ಮೊದಲ ಸುತ್ತು ಜೋರಾಯಿತು, ಆಗಲಿ, ಕಾಲುಗಳು ತಾವಾಗಿಯೇ ಹಾರುತ್ತಿವೆ, ಕೊಳವೆಯಲ್ಲಿ ಹರಿವಿನ ಸಂಖ್ಯೆ ಎರಡು ಸಾವಿರದ ಮುನ್ನೂರು ದಾಟುವವರೆಗೂ ನೀರು ನೆಟ್ಟಗೆ ಹರಿಯುತ್ತದೆ, ದಾಟಿದರೆ ಸುಳಿ, ಆ ಸಂಖ್ಯೆಗೆ ಏಕಮಾನವಿಲ್ಲ, ಈ ಪ್ರಶ್ನೆ ಬಂದೇ ಬರುತ್ತದೆ, ಜುಲೈನಲ್ಲಿ ಜಾರ್ಜಿಯಾದ ಕ್ಯಾಂಪಿನಲ್ಲಿ ಕೆಮ್ಮಣ್ಣಿನ ಕೆರೆಗೆ ಇದೇ ಕೈಯಲ್ಲಿ ನೀರು ಶುದ್ಧಿ ಮಾಡುವ ಯಂತ್ರದ ಹೋಸ್ ಇಳಿಸಿದ್ದು, ಆ ಕಡೆ ಕೆಂಪು ನೀರು, ಈ ಕಡೆ ಗಾಜಿನಂಥ ನೀರು, ಮೊದಲ ಲೋಟ ತಾನೇ ಕುಡಿದದ್ದು, ಸೆಪ್ಟೆಂಬರಿನಲ್ಲಿ ಪ್ರೊಫೆಸರ್ ಅದೇ ಕೊಳವೆಯನ್ನು ಬೋರ್ಡಿನ ಮೇಲೆ ಎಳೆದಾಗ ಇಡೀ ಕ್ಲಾಸಿನಲ್ಲಿ ಅದರ ತೂಕ ಗೊತ್ತಿದ್ದವಳು ತಾನೊಬ್ಬಳೇ, ಆವತ್ತಿನ ಖುಷಿ, ಕುರ್ಚಿಯಿಂದ ಎದ್ದು ನಿಲ್ಲುವಂಥ ಖುಷಿ, ಅದನ್ನು ಅಪ್ಪನಿಗೆ ಹೇಳಬೇಕೆಂದುಕೊಂಡು ಹೇಳದೇ ಉಳಿದದ್ದು. ಅಪ್ಪ ಅಲ್ಲೇ ಇದ್ದಾರೆ, ಬೇಲಿಯಾಚೆ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ, ಅವಳ ಕ್ಯಾಲ್ಕುಲೇಟರ್ ಮತ್ತು ಅಮ್ಮ ಕೊಟ್ಟ ಅವಲಕ್ಕಿ ಡಬ್ಬಿಯ ಜೊತೆ, ಬೆಳಗಿನ ಜಾವ ನಾಲ್ಕಕ್ಕೆ ಅವಳ ಕಾರಿನ ಬ್ಯಾಟರಿ ಸತ್ತಿರದಿದ್ದರೆ ಬರುತ್ತಲೇ ಇರಲಿಲ್ಲ, ಸ್ಟರ್ಲಿಂಗಿನ ಮನೆಯಿಂದ ಇಲ್ಲಿಯವರೆಗೆ ಒಂದು ಮಾತಿಲ್ಲ, ಒಂದೂವರೆ ವರ್ಷದಿಂದ ಈ ವಿಷಯದಲ್ಲಿ ಹಾಗೆಯೇ, ಸೇರಿದಾಗ ಅಪ್ಪ ಅಂದದ್ದಷ್ಟೇ, ಪಾರ್ಟ್ ಟೈಮ್ ಮಿಲಿಟರಿ ಅಂತ ಎಲ್ಲಾದ್ರೂ ಇರುತ್ತೇನೇ, ಅದೇನು ಸಂಗೀತದ ಕ್ಲಾಸಾ, ತಿಂಗಳಿಗೊಂದು ವೀಕೆಂಡ್ ಹೋಗಿ ಬರೋಕೆ, ಓದೋಳು ಓದಬೇಕು, ಅಪ್ಪಾ, ದಟ್ಸ್ ನಾಟ್ ಹೌ ಇಟ್ ವರ್ಕ್ಸ್, ನಾನು ಎರಡೂ ಮಾಡ್ತೀನಿ, ಎರಡೂ ಮಾಡ್ತೀಯಾ, ಯಾವುದೂ ಆಗಲ್ಲ ನೋಡ್ತಿರು — ಓಟದ ಗೆರೆಯ ಬಳಿಯಿಂದ ಸಾರ್ಜೆಂಟ್ ಕೂಗಿದಳು, ಎಂಟು ಐವತ್ತೆರಡು, ಬ್ಯಾಡ್ರಿನ್ಯಾತ್, ಮೂರು ಸುತ್ತು, ನಿಧಾನ ಆಗ್ತಿದೀಯ!

ಬ್ಯಾಡ್ರಿನ್ಯಾತ್. ಅಪ್ಪನ ಹೆಸರು. ಅವಳಿಗೆ ಮನೆತನದ ಹೆಸರಿಲ್ಲ, ಪಾಸ್‌ಪೋರ್ಟಿನಲ್ಲಿ ಕೊನೆಗೆ ಕೂತದ್ದು ಅಪ್ಪನ ಹೆಸರೇ, ಕಾಲೇಜಿಗೆ ಅವಳು ನೀರಜಾ, ಸೈನ್ಯಕ್ಕೆ ಎದೆಯ ಪಟ್ಟಿಯ ಮೇಲಿನ ಬದರಿನಾಥ್, ಸೌತ್ ಕೆರೊಲಿನಾದ ಹತ್ತು ವಾರದ ತರಬೇತಿಯಲ್ಲಿ ಬದರಿನಾಥ್ ದಂಡ ಹೊಡಿ, ಬದರಿನಾಥ್ ಕಕ್ಕಸು ತೊಳಿ, ಅಮ್ಮ ಕೇಳಿ ಕೆನ್ನೆಗೆ ಕೈ ಇಟ್ಟುಕೊಂಡಿದ್ದಳು, ಅಯ್ಯೋ, ಅಪ್ಪನ ಹೆಸರು ಹಿಡಿದು ಬೈತಾರಾ ನಿನ್ನ, ಇಪ್ಪತ್ತೆರಡು ವರ್ಷ ರೀ ಎಂದೇ ಕರೆದವಳು, ಫಾರ್ಮಸಿಯಲ್ಲಿ ಗಂಡನ ಮಾತ್ರೆ ಯಾರ ಹೆಸರಲ್ಲಿದೆ ಎಂದರೆ ಬಾಯಿಬಿಡದೆ ಕಾರ್ಡ್ ಮುಂದೆ ತಳ್ಳುವವಳು — ಪಕ್ಕೆ ಹಿಡಿಯಿತು, ಉಸಿರು ಬಿಡು, ನಾಲ್ಕನೇ ಸುತ್ತು, ಬ್ಯಾಡ್ರಿನ್ಯಾತ್, ಹನ್ನೊಂದು ಐವತ್ತೆಂಟು, ಹದಿನೇಳು ಸೆಕೆಂಡ್ ಹಿಂದೆ ಇದೀಯ, ಬ್ಯಾಡ್ರಿನ್ಯಾತ್, ಎಲ್ಲಿದೀಯ! — ಕಾರಿನ ಬಾಗಿಲು ತೆರೆಯಿತು. ಅಪ್ಪ ಇಳಿದರು. ಆಫೀಸಿನಲ್ಲೂ ಅವರನ್ನು ಹೀಗೇ ತಪ್ಪಾಗಿ ಕರೆಯುತ್ತಾರಲ್ಲ, ಅದಕ್ಕೇ ಕಿವಿಗೆ ಬಿದ್ದಿದೆ, ಬೇಲಿಯವರೆಗೆ ಬಂದು, ಎಡಗೈಯಲ್ಲಿ ಡಬ್ಬಿ, ಬಲಗೈ ನೇರ ಮೇಲೆ, ಮೈಸೂರಿನ ಶಾಲೆಯಲ್ಲಿ ಹಾಜರಿ ಕೂಗಿದ ಹುಡುಗನ ಹಾಗೆ, ಎಸ್ ಮ್ಯಾಮ್. ಸಾರ್ಜೆಂಟ್ ಅತ್ತ ತಿರುಗಿ, ನಾಟ್ ಯೂ, ಸರ್. ಗೆರೆಯ ಪಕ್ಕ ನಿಂತಿದ್ದ ಸೈನಿಕರೆಲ್ಲ ನಕ್ಕರು, ಅವಳಿಗೂ ನಗು, ನಕ್ಕರೆ ಉಸಿರು ಹೋಗುತ್ತದೆ, ಆ ಎತ್ತಿದ ಕೈ, ಇಳಿಸಲು ಮರೆತ ಕೈ, ಐದನೇ ಸುತ್ತು, ಆರನೇ ಸುತ್ತು, ಹದಿನೇಳು ನಲವತ್ತೇಳು, ಕೊಳವೆ ಕಿರಿದಾದಲ್ಲಿ ವೇಗ ಹೆಚ್ಚು, ಕಿರಿದಾಗು, ಹೆಚ್ಚಾಗು, ಓಡಿ ಮುಗಿಸಿದವರೆಲ್ಲ ಗೆರೆಗೆ ಬಂದು ಕೂಗುತ್ತಿದ್ದಾರೆ ಬ್ಯಾಡ್ರಿನ್ಯಾತ್, ಬ್ಯಾಡ್ರಿನ್ಯಾತ್, ಮೂವತ್ತು ಗಂಟಲು, ಅಪ್ಪನ ಹೆಸರನ್ನು ಇಷ್ಟು ಜನ ಒಟ್ಟಿಗೆ ಯಾವತ್ತು ಕೂಗಿದ್ದರು, ಏಳು, ಇಪ್ಪತ್ತು ಮೂವತ್ತೈದು, ಉಳಿದದ್ದು ಎರಡು ನಲವತ್ತೇಳು, ಇಷ್ಟು ಬೇಗ ಒಂದು ಸುತ್ತೂ ಓಡಿಲ್ಲ ಇವತ್ತು, ತೊಡೆ ಉರಿಯುತ್ತದೆ, ಉರಿಯಲಿ, ಬೇಲಿಯಾಚೆ ಏನೋ ಓಡುತ್ತಿದೆ, ಚಪ್ಪಲಿಯ ಪಟಪಟ, ಡಬ್ಬಿಯೊಳಗೆ ಚಮಚದ ಸದ್ದು, ಅಪ್ಪ ಅವಳ ಜೊತೆಜೊತೆಗೆ ಓಡುತ್ತಿದ್ದಾರೆ, ಏನೋ ಕೂಗುತ್ತಿದ್ದಾರೆ, ನೀರೂ ಎಂದಲ್ಲ, ಪುಟ್ಟಿ ಎಂದಲ್ಲ, ಓಡೇ, ಓಡೇ ಬದರಿನಾಥ, ಬಿಡಬೇಡ ಬದರಿನಾಥ — ಈ ಬೆಳಿಗ್ಗೆ ಆ ಹೆಸರನ್ನು ಸರಿಯಾಗಿ ಉಚ್ಚರಿಸಿದ್ದು ಅವರೊಬ್ಬರೇ.

ಇಪ್ಪತ್ಮೂರು ಹದಿನಾಲ್ಕು. ಎಂಟು ಸೆಕೆಂಡು ಉಳಿಯಿತು. ಬೆಲ್ಟ್‌ವೇ ಹೆದ್ದಾರಿಯಲ್ಲಿ ಅಪ್ಪ ಐವತ್ತೈದು ಮೈಲಿ ವೇಗ ದಾಟಲಿಲ್ಲ, ಅವಲಕ್ಕಿ ತಿನ್ನು ಎಂದರು, ಸ್ವಲ್ಪ ದೂರದ ಮೇಲೆ, ನಿನ್ನ ಮ್ಯಾಮ್ ಸ್ಟ್ರಿಕ್ಟ್ ಕಣೇ, ನಂಗೂ ಭಯ ಆಯ್ತು ಎಂದರು. ಹತ್ತಕ್ಕೆ ಹನ್ನೆರಡು ನಿಮಿಷ ಇರುವಾಗ ಅವಳು ಪರೀಕ್ಷೆಯ ಕೋಣೆಯಲ್ಲಿ ಕೂತಿದ್ದಳು. ಉತ್ತರ ಪತ್ರಿಕೆಯಲ್ಲಿ ಮೊದಲ ಚೌಕ ಲಾಸ್ಟ್ ನೇಮ್‌ಗೆ, ಒಂದು ಅಕ್ಷರ ಬರೆದಳು, ಪೆನ್ನು ಅಲ್ಲೇ ನಿಂತಿತು — ಬೇಲಿಯಾಚೆ ಎಡಗೈಯಲ್ಲಿ ಡಬ್ಬಿ, ಮೇಲೆತ್ತಿದ ಬಲಗೈ. ಉಳಿದ ಅಕ್ಷರಗಳನ್ನು ಒಂದೊಂದಾಗಿ ಬರೆದು ಮುಗಿಸಿದಳು. ಹತ್ತು ಗಂಟೆಗೆ ಸರಿಯಾಗಿ ಪ್ರಶ್ನೆಪತ್ರಿಕೆ ಹಂಚಿದರು.